ವಿಶ್ವೇಶ್ವರಯ್ಯನವರ ರಾತ್ರಿ ಶಾಲೆಗಳು

ಸೆಪ್ಟೆಂಬರ್ ತಿಂಗಳಲ್ಲಿ ಒಂದು ವಾರದ ಅಂತರದಲ್ಲಿ ಎರಡು ದಿನಾಚರಣೆಗಳು ಬರುತ್ತವೆ. 8ನೇ ತಾರೀಕು ಅಂತಾರಾಷ್ಟ್ರೀಯ ಸಾಕ್ಷರತಾ ದಿನ, 15ನೇ ತಾರೀಕು ಇಂಜಿನಿಯರುಗಳ ದಿನ. ಮೊದಲನೆಯದಕ್ಕೆ ಒಂದು ಪ್ರತಿಜ್ಞೆ, ಎರಡನೆಯದಕ್ಕೆ ಸರ್ ಎಂ. ವಿಶ್ವೇಶ್ವರಯ್ಯನವರ ಫೋಟೋಗೆ ಒಂದು ಹಾರ. ಇವೆರಡಕ್ಕೂ ಸಂಬಂಧವಿದೆ ಎಂದು ಯಾರೂ ಹೇಳುವುದಿಲ್ಲ. ಅವರ ಬಗ್ಗೆ ಭಾಷಣ ಮಾಡುವವರು ಕನ್ನಂಬಾಡಿ ಕಟ್ಟೆಯ ಬಗ್ಗೆ ಹೇಳುತ್ತಾರೆ, ಸರ್ಕಾರದ ಮೇಣದ ಬತ್ತಿ ಆರಿಸಿ ಸ್ವಂತ ಬತ್ತಿ ಹಚ್ಚಿಕೊಂಡ ಕಥೆ ಹೇಳುತ್ತಾರೆ. ಆ ಬತ್ತಿಯ ಕಥೆ ನಿಜವೋ ಅಲ್ಲವೋ, ಅದನ್ನು ಒಂದನೇ ತರಗತಿಯಿಂದ ಎಲ್ಲರೂ ಕೇಳಿದ್ದೇವೆ, ಇಲ್ಲಿ ಬೇಡ. ಅವರು ದಿವಾನರಾಗಿದ್ದಾಗ ದೊಡ್ಡವರಿಗಾಗಿ ಹಚ್ಚಿಸಿದ ರಾತ್ರಿ ಶಾಲೆಗಳ ದೀಪದ ಬಗ್ಗೆ ಬರೆಯುತ್ತೇನೆ.

ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಹುಟ್ಟಿದ್ದು ಚಿಕ್ಕಬಳ್ಳಾಪುರದ ಹತ್ತಿರದ ಮುದ್ದೇನಹಳ್ಳಿಯಲ್ಲಿ, 1861ರ ಸೆಪ್ಟೆಂಬರ್ 15ರಂದು. ಕೆಲವು ಪುಸ್ತಕಗಳಲ್ಲಿ 1860 ಎಂದಿದೆ. ತಂದೆ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ಪಂಡಿತರು. ಮನೆಮಾತು ತೆಲುಗು, ಊರಿನ ಮಾತು ಕನ್ನಡ, ಮುಂದೆ ಕಚೇರಿಯ ಮಾತು ಇಂಗ್ಲಿಷ್. ಮನೆಯಲ್ಲಿ ಒಂದು ಭಾಷೆ, ಶಾಲೆಯಲ್ಲಿ ಇನ್ನೊಂದು ಎಂಬುದು ಉರ್ದು ಮನೆಯ ನಮಗೆ ಮಾತ್ರ ಬಂದ ಕಷ್ಟ ಎಂದು ಸಣ್ಣವನಿದ್ದಾಗ ತಿಳಿದುಕೊಂಡಿದ್ದೆ. ಈ ಮನುಷ್ಯ ಅದನ್ನು ಕಷ್ಟ ಎಂದು ಎಲ್ಲಿಯೂ ದೊಡ್ಡದು ಮಾಡಿದ ಹಾಗೆ ಕಾಣುವುದಿಲ್ಲ.

ತಂದೆ ಬೇಗ ತೀರಿಕೊಂಡರು. ಹುಡುಗ ಬೆಂಗಳೂರಿಗೆ ಬಂದು ಸೋದರಮಾವನ ಆಸರೆಯಲ್ಲಿ ಓದಿದ. ಕೈಯಲ್ಲಿ ಕಾಸಿಲ್ಲದ ಕಾರಣ ಒಬ್ಬ ಕೊಡಗಿನ ಅಧಿಕಾರಿಯ ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳಿಕೊಡುತ್ತಾ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಮುಗಿಸಿದ. ಇದು ನನಗೆ ಮುಖ್ಯವಾಗಿ ಕಾಣುತ್ತದೆ. ಅಣೆಕಟ್ಟು ಕಟ್ಟುವ ಮೊದಲು, ನಕ್ಷೆ ಬರೆಯುವ ಮೊದಲು, ಅವರು ಮಾಡಿದ ಮೊದಲ ಸಂಬಳದ ಕೆಲಸ ಇನ್ನೊಬ್ಬರಿಗೆ ಓದು ಬರಹ ಕಲಿಸುವುದು.

ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಿಂದ ಪುಣೆಗೆ ಹೋಗಿ ಇಂಜಿನಿಯರಿಂಗ್ ಓದಿದರು, ಮೊದಲ ಸ್ಥಾನದಲ್ಲಿ ಪಾಸಾದರು, 1884ರಲ್ಲಿ ಬೊಂಬಾಯಿ ಸರ್ಕಾರದ ಕೆಲಸಕ್ಕೆ ಸೇರಿದರು. ಖಡಕ್‌ವಾಸ್ಲಾ ಜಲಾಶಯದ ತಾನಾಗಿ ತೆರೆಯುವ ಬಾಗಿಲುಗಳು ಆ ಕಾಲದವು. ಅವನ್ನು ವಿಜ್ಞಾನ ವಿಭಾಗದ ಗೆಳೆಯರು ಬರೆಯಲಿ. ಪುಣೆಯಲ್ಲಿ ಅವರಿಗೆ ರಾನಡೆ ಮತ್ತು ಗೋಖಲೆಯವರ ಒಡನಾಟ ಸಿಕ್ಕಿತು. ಇದೇ ಗೋಖಲೆಯವರು ಮುಂದೆ 1911ರಲ್ಲಿ ಬ್ರಿಟಿಷ್ ಇಂಡಿಯಾದಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಮಸೂದೆ ತಂದು ಸೋತವರು. 1898ರಲ್ಲಿ ವಿಶ್ವೇಶ್ವರಯ್ಯನವರು ಜಪಾನಿಗೆ ಹೋಗಿ ಬಂದರು. ಅಲ್ಲಿ ಅವರ ಕಣ್ಣಿಗೆ ಬಿದ್ದದ್ದು ಕಾರ್ಖಾನೆಗಳಷ್ಟೇ ಅಲ್ಲ. ನಮ್ಮ ಹಾಗೆಯೇ ಬಡ ಏಷ್ಯಾದ ದೇಶ, ಮೂವತ್ತು ವರ್ಷ ಮನಸ್ಸಿಟ್ಟು ಎಲ್ಲ ಮಕ್ಕಳನ್ನೂ ಶಾಲೆಗೆ ಕಳಿಸಲು ಹೊರಟು ಮೇಲೆ ಬಂದಿತ್ತು. ಆಮೇಲೆ ಅವರು ಬರೆದ, ಮಾತಾಡಿದ ಎಲ್ಲದರಲ್ಲೂ ಜಪಾನ್ ಬರುತ್ತದೆ.

ಬೊಂಬಾಯಿ ಕೆಲಸ ಬಿಟ್ಟ ಮೇಲೆ ಹೈದರಾಬಾದ್. 1908ರ ಸೆಪ್ಟೆಂಬರಿನಲ್ಲಿ ಮೂಸಿ ನದಿ ಉಕ್ಕಿ ನಗರದಲ್ಲಿ ಸಾವಿರಾರು ಜನ ಸತ್ತರು. ಅಂಥ ಪ್ರವಾಹ ಮತ್ತೆ ಬಾರದಂತೆ ತಡೆಯುವ ಯೋಜನೆಯನ್ನು ನಿಜಾಮರ ಸರ್ಕಾರ ಇವರಿಂದ ಮಾಡಿಸಿತು. ಇಂದಿನ ಉಸ್ಮಾನ್ ಸಾಗರ್, ಹಿಮಾಯತ್ ಸಾಗರ್ ಅದರ ಫಲ. ಹೈದರಾಬಾದಿನಲ್ಲಿ ನೆಂಟರಿರುವ ನಮ್ಮ ಕಡೆಯ ಮನೆಗಳವರು ಆ ಕೆರೆಗಳ ಹೆಸರು ಕೇಳಿರುತ್ತಾರೆ, ಅದರ ಹಿಂದೆ ಇರುವ ಹೆಸರು ಕೇಳಿರುವುದಿಲ್ಲ.

1909ರಲ್ಲಿ ಮೈಸೂರಿನ ಚೀಫ್ ಇಂಜಿನಿಯರ್ ಆಗಿ ಬಂದರು. ಇಲ್ಲಿಂದ ನನ್ನ ವಿಷಯ ಶುರುವಾಗುತ್ತದೆ.

1911ರ ಜನಗಣತಿಯ ಪ್ರಕಾರ ಮೈಸೂರು ಸಂಸ್ಥಾನದಲ್ಲಿ ಓದು ಬರಹ ಬಲ್ಲವರು ನೂರಕ್ಕೆ ಸುಮಾರು ಆರು ಜನ. ಹೆಂಗಸರಲ್ಲಿ ನೂರಕ್ಕೆ ಒಬ್ಬರಿಗಿಂತ ಸ್ವಲ್ಪ ಹೆಚ್ಚು, ಅಷ್ಟೆ. ಅದೇ ವರ್ಷ ನಾಲ್ವಡಿ ಕೃಷ್ಣರಾಜ ಒಡೆಯರು ಮೈಸೂರು ಎಕನಾಮಿಕ್ ಕಾನ್ಫರೆನ್ಸ್ ಎಂಬ ಸಂಸ್ಥೆಯನ್ನು ಆರಂಭಿಸಿದರು, ಅದರ ಹಿಂದಿನ ತಲೆ ವಿಶ್ವೇಶ್ವರಯ್ಯನವರದು. ಅದಕ್ಕೆ ಮೂರು ಸಮಿತಿಗಳಿದ್ದವು: ವ್ಯವಸಾಯ, ಕೈಗಾರಿಕೆ ಮತ್ತು ವಾಣಿಜ್ಯ, ಶಿಕ್ಷಣ. ಹಣಕಾಸಿನ ಸಭೆಯಲ್ಲಿ ಶಿಕ್ಷಣಕ್ಕೆ ಏನು ಕೆಲಸ ಎಂದು ಕೇಳುವವರು ಆಗಲೂ ಇದ್ದಿರಬೇಕು. ಅವರ ಲೆಕ್ಕ ಸರಳವಾಗಿತ್ತು. ಒಬ್ಬ ಮನುಷ್ಯನ ವರಮಾನ ಅವನ ಕೆಲಸದ ಮೇಲೆ ನಿಂತಿದೆ, ಅವನ ಕೆಲಸ ಅವನ ತಿಳಿವಳಿಕೆಯ ಮೇಲೆ ನಿಂತಿದೆ. ನಮ್ಮ ಅರ್ಥಶಾಸ್ತ್ರದ ಪುಸ್ತಕದಲ್ಲಿ ಇದಕ್ಕೆ ಮಾನವ ಬಂಡವಾಳ ಎಂದು ಹೆಸರು, ಐದು ಅಂಕದ ಪ್ರಶ್ನೆ. ಆಗ ಆ ಹೆಸರು ಬಳಕೆಯಲ್ಲಿ ಇರಲಿಲ್ಲ.

1912ರ ನವೆಂಬರಿನಲ್ಲಿ ದಿವಾನರಾದರು. 1913ರಲ್ಲಿ ಪ್ರಾಥಮಿಕ ಶಿಕ್ಷಣದ ಕಾನೂನು ಬಂತು. ಆಯ್ದ ಊರುಗಳಲ್ಲಿ ಏಳರಿಂದ ಹನ್ನೊಂದು ವರ್ಷದ ಗಂಡುಮಕ್ಕಳನ್ನು ಶಾಲೆಗೆ ಕಳಿಸುವುದು ಕಡ್ಡಾಯವಾಯಿತು. ಬರೋಡಾದ ಸಯಾಜಿರಾವ್ ಮಹಾರಾಜರು 1906ರಲ್ಲೇ ಈ ಕೆಲಸ ಮಾಡಿದ್ದರು, ಬ್ರಿಟಿಷರು ಮಾಡಲಿಲ್ಲ. ಹೆಣ್ಣುಮಕ್ಕಳನ್ನು ಕಾನೂನಿನಿಂದ ಹೊರಗೆ ಬಿಟ್ಟದ್ದು ಮಾತ್ರ ನನಗೆ ಸರಿ ಕಾಣುವುದಿಲ್ಲ. ನೂರಕ್ಕೆ ಒಬ್ಬರು ಓದಿದ ಕಡೆಯೇ ಕಾನೂನು ಮೊದಲು ಹೋಗಬೇಕಿತ್ತು. ಜೀವನಚರಿತ್ರೆಗಳಲ್ಲಿ ಕೊಟ್ಟಿರುವ ಅಂಕಿಗಳ ಪ್ರಕಾರ ಅವರು ಬಂದಾಗ ಸಂಸ್ಥಾನದಲ್ಲಿ ಸುಮಾರು 4,500 ಶಾಲೆಗಳು, 1,40,000 ವಿದ್ಯಾರ್ಥಿಗಳು. ಆರು ವರ್ಷದ ನಂತರ ಹೋಗುವಾಗ ಸುಮಾರು 11,000 ಶಾಲೆಗಳು, 3,66,000 ವಿದ್ಯಾರ್ಥಿಗಳು. ಭಾಗಿಸಿ ನೋಡಿದರೆ ವಿದ್ಯಾರ್ಥಿಗಳು ಎರಡೂವರೆ ಪಟ್ಟಿಗಿಂತ ಹೆಚ್ಚಾದರು. ಆದರೆ ಶಾಲೆಯೊಂದಕ್ಕೆ ಮಕ್ಕಳು ಮೊದಲು ಮೂವತ್ತೊಂದು, ಆಮೇಲೆ ಮೂವತ್ತಮೂರು. ಅಂದರೆ ಇದ್ದ ಶಾಲೆಗಳನ್ನು ತುಂಬಿಸಿದ್ದಲ್ಲ, ಶಾಲೆ ಇಲ್ಲದ ಹಳ್ಳಿಗಳಿಗೆ ಶಾಲೆ ಹೋಗಿದೆ.

ಮಕ್ಕಳ ವಿಷಯ ಹೀಗಾಯಿತು. ಆದರೆ ಮಕ್ಕಳು ಬೆಳೆದು ದೊಡ್ಡವರಾಗಿ ಊರು ನಡೆಸುವವರೆಗೆ ಇಪ್ಪತ್ತು ವರ್ಷ ಬೇಕು. ಅಷ್ಟರವರೆಗೆ ಹೊಲ ಉಳುವವನು, ಪತ್ರಕ್ಕೆ ಹೆಬ್ಬೆಟ್ಟು ಒತ್ತುವವನು, ಸಾಲ ತರುವವನು ಯಾರು? ಅವರ ಅಪ್ಪ. ಆದ್ದರಿಂದ ದೊಡ್ಡವರಿಗೆ ಪ್ರತ್ಯೇಕ ಶಾಲೆಗಳು ಶುರುವಾದವು. ಹಗಲು ಕೂಲಿ, ರಾತ್ರಿ ಪಾಠ. ಓದು, ಬರಹ, ಲೆಕ್ಕ, ಈ ಮೂರು. ಜೊತೆಗೆ ಪುಸ್ತಕಗಳನ್ನು ಊರಿಂದ ಊರಿಗೆ ಕಳಿಸುವ ಸಂಚಾರಿ ಪುಸ್ತಕಾಲಯಗಳು. ಈ ಎರಡನೆಯದು ಬಹಳ ಜಾಣತನದ ಕೆಲಸ. ದೊಡ್ಡವರು ಅಕ್ಷರ ಕಲಿಯುವುದು ಬೇಗ, ಮರೆಯುವುದು ಇನ್ನೂ ಬೇಗ. ಆರು ತಿಂಗಳು ಓದುವುದಕ್ಕೆ ಏನೂ ಸಿಗದಿದ್ದರೆ ಕಲಿತ ಅ ಆ ಇ ಈ ಎಲ್ಲವೂ ಹೋಗುತ್ತದೆ. ಸಾಕ್ಷರತೆಯ ಕೆಲಸ ಮಾಡುವವರು ಇವತ್ತಿಗೂ ಇದನ್ನೇ ಹೇಳುತ್ತಾರೆ. ಬೆಂಗಳೂರು, ಮೈಸೂರುಗಳ ಸಾರ್ವಜನಿಕ ಗ್ರಂಥಾಲಯಗಳೂ ಈ ಕಾಲದವೇ.

ಲೆಕ್ಕದ ಮಾತು ಬಂದದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಓದು ಬಾರದಿದ್ದರೆ ಪುಸ್ತಕ ಓದಲಾಗುವುದಿಲ್ಲ ಎಂದು ಎಲ್ಲರಿಗೂ ಗೊತ್ತು. ಬರೆಯುವ ಲೆಕ್ಕ ಬಾರದಿದ್ದರೆ ಏನಾಗುತ್ತದೆ ಎಂದು ವಾಣಿಜ್ಯದವರು ಹೇಳಬೇಕು. ಆಗ ರೂಪಾಯಿಗೆ ಹದಿನಾರು ಆಣೆ, ಆಣೆಗೆ ಹನ್ನೆರಡು ಪೈ. ರೂಪಾಯಿಗೆ ತಿಂಗಳಿಗೆ ಒಂದು ಆಣೆ ಬಡ್ಡಿ ಎಂದರೆ ಕೇಳಲು ಬಹಳ ಕಡಿಮೆ. ಆದರೆ ವರ್ಷಕ್ಕೆ ಹನ್ನೆರಡು ಆಣೆ ಆಯಿತು, ಅಂದರೆ ನೂರಕ್ಕೆ ಎಪ್ಪತ್ತೈದು. ಅರ್ಧ ಆಣೆ ಎಂದರೂ ಮೂವತ್ತೇಳೂವರೆ. ಸಾಲ ತಂದವನಿಗೆ ಆಣೆ ಗೊತ್ತು, ನೂರಕ್ಕೆ ಎಷ್ಟು ಎಂಬುದು ಗೊತ್ತಿಲ್ಲ. ಕೊಟ್ಟವನಿಗೆ ಎರಡೂ ಗೊತ್ತು.

ನಮ್ಮ ದಾದಿ ಅಡಿಕೆ ಸುಲಿಯುವ ಕೂಲಿಯ ಲೆಕ್ಕವನ್ನು ಬಾಯಲ್ಲೇ ಹೇಳುತ್ತಾರೆ. ಯಾರು ಎಷ್ಟು ಕೊಡಬೇಕು, ಯಾವ ವಾರ ಎಷ್ಟು ಬಂತು, ಒಂದೂ ತಪ್ಪುವುದಿಲ್ಲ. ಆದರೆ ಬ್ಯಾಂಕಿನ ಪಾಸ್‌ಬುಕ್ಕನ್ನು ನನ್ನ ಕೈಗೆ ಕೊಡುತ್ತಾರೆ. ಲೆಕ್ಕ ಬರುತ್ತದೆ, ಕಾಗದದ ಮೇಲಿನ ಅಂಕಿ ಬರುವುದಿಲ್ಲ. ಕುರ್‌ಆನ್ ಅನ್ನು ಅರಬ್ಬಿಯಲ್ಲಿ ದಿನವೂ ಓದುತ್ತಾರೆ, ಸಂತೆಯಲ್ಲಿ ಕನ್ನಡ ಚೆನ್ನಾಗಿ ಮಾತಾಡುತ್ತಾರೆ, ಬಸ್ಸಿನ ಬೋರ್ಡು ಮಾತ್ರ ಬೇರೆಯವರನ್ನು ಕೇಳಬೇಕು. ಜನಗಣತಿಯ ನಿಯಮದಲ್ಲಿ ಏಳು ವರ್ಷ ಮೇಲ್ಪಟ್ಟವರು ಯಾವುದಾದರೂ ಒಂದು ಭಾಷೆಯನ್ನು ಅರ್ಥ ಮಾಡಿಕೊಂಡು ಓದಲೂ ಬರೆಯಲೂ ಬಲ್ಲವರಾದರೆ ಮಾತ್ರ ಸಾಕ್ಷರರು. ಓದು ಮಾತ್ರ ಬಂದರೆ ಸಾಲದು. ಹೀಗೆ ದಾದಿಯವರ ಹಾಗಿನ ಎಷ್ಟೋ ಹೆಂಗಸರು ನಿರಕ್ಷರಿಗಳ ಕಾಲಮ್ಮಿಗೆ ಹೋಗುತ್ತಾರೆ. ನಿಯಮ ತಪ್ಪು ಎಂದು ಹೇಳುತ್ತಿಲ್ಲ. ಆ ಕಾಲಮ್ಮಿನಲ್ಲಿ ಇರುವವರೆಲ್ಲ ಏನೂ ತಿಳಿಯದವರು ಎಂದು ನಾವು ತಿಳಿಯಬಾರದು, ಅಷ್ಟೆ. ರಾತ್ರಿ ಶಾಲೆಗೆ ಬಂದ ರೈತನಿಗೂ ಮೇಷ್ಟ್ರಿಗಿಂತ ಹೆಚ್ಚು ಬಾಯಿಲೆಕ್ಕ ಬರುತ್ತಿದ್ದಿರಬಹುದು.

ವಿಶ್ವೇಶ್ವರಯ್ಯನವರು ಅಂಕಿಗಳ ಮನುಷ್ಯ. ಮೈಸೂರಿನವನ ತಲಾ ವರಮಾನ ಎಷ್ಟು, ಜಪಾನಿನವನದು ಎಷ್ಟು, ಕೆನಡಾದವನದು ಎಷ್ಟು ಎಂದು ಪಟ್ಟಿ ಹಾಕುವುದು ಅವರ ಅಭ್ಯಾಸ. ದಿವಾನರಾಗಿ ಒಂದು ವರ್ಷ ತುಂಬುವುದರೊಳಗೆ, 1913ರ ಅಕ್ಟೋಬರಿನಲ್ಲಿ, ಮೈಸೂರು ಬ್ಯಾಂಕ್ ಬಾಗಿಲು ತೆರೆಯಿತು. 2017ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ ವಿಲೀನವಾಗುವ ತನಕ ನಮ್ಮ ಹಿರಿಯರು ಮೈಸೂರು ಬ್ಯಾಂಕ್ ಎಂದೇ ಕರೆಯುತ್ತಿದ್ದುದು ಅದನ್ನೇ. ಬೆಂಗಳೂರಿನಲ್ಲಿ ವಾಣಿಜ್ಯ ಶಾಲೆ, ಹೆಬ್ಬಾಳದಲ್ಲಿ ಕೃಷಿ ಶಾಲೆ, 1916ರಲ್ಲಿ ವಾಣಿಜ್ಯ ಮಂಡಳಿ, ಗಂಧದೆಣ್ಣೆ ಕಾರ್ಖಾನೆ, ಅದೇ ವರ್ಷ ಮೈಸೂರು ವಿಶ್ವವಿದ್ಯಾನಿಲಯ, 1917ರಲ್ಲಿ ಇಂಜಿನಿಯರಿಂಗ್ ಕಾಲೇಜು. 1915ರ ಮೇ ತಿಂಗಳಲ್ಲಿ ಕನ್ನಡ ಸಾಹಿತ್ಯ ಪರಿಷತ್ತು. ಸಾಹಿತ್ಯ ಪರಿಷತ್ತು ಹುಟ್ಟಿದ್ದು ಎಕನಾಮಿಕ್ ಕಾನ್ಫರೆನ್ಸಿನ ಶಿಕ್ಷಣ ಸಮಿತಿಯ ಚರ್ಚೆಯಿಂದ ಎಂದು ತಿಳಿದಾಗ ನನಗೆ ಆಶ್ಚರ್ಯವಾಯಿತು. ಕನ್ನಡದಲ್ಲಿ ಸುಲಭವಾದ ಪುಸ್ತಕಗಳೇ ಇಲ್ಲದಿದ್ದರೆ ಓದಲು ಕಲಿತವನು ಓದುವುದೇನನ್ನು? ಆದರೂ ವಿಶ್ವವಿದ್ಯಾನಿಲಯದಲ್ಲಿ ಪಾಠ ನಡೆದದ್ದು ಇಂಗ್ಲಿಷಿನಲ್ಲಿ. ಎರಡು ವರ್ಷದ ನಂತರ ಹೈದರಾಬಾದಿನಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯ ಮೊದಲ ದಿನದಿಂದಲೇ ಉರ್ದುವಿನಲ್ಲಿ ಪಾಠ ಮಾಡಿತು. ಈ ಒಂದು ವಿಷಯದಲ್ಲಿ ಹೈದರಾಬಾದಿಗೆ ಹೆಚ್ಚು ಧೈರ್ಯವಿತ್ತು ಎನ್ನಬೇಕು.

ನಮ್ಮ ಕಡೆಗೆ ಬರೋಣ. ಆಗ ಕೊಪ್ಪ ಇದ್ದದ್ದು ಕಡೂರು ಜಿಲ್ಲೆಯಲ್ಲಿ. ನರಸಿಂಹರಾಜಪುರಕ್ಕೆ ಮೊದಲಿದ್ದ ಹೆಸರು ಎಡೇಹಳ್ಳಿ. ಯುವರಾಜ ಕಂಠೀರವ ನರಸಿಂಹರಾಜ ಒಡೆಯರು ಬಂದುಹೋದ ಮೇಲೆ ಈ ಹೆಸರಾಯಿತು. ಮಲೆನಾಡು ಎಂದರೆ ಆಗಿನ ಸರ್ಕಾರಕ್ಕೆ ಗಂಧ, ಅಡಿಕೆ, ಕಾಫಿ ಮತ್ತು ಮಲೇರಿಯಾ. ಜ್ವರದಿಂದ ಹಳ್ಳಿಗಳು ಖಾಲಿಯಾಗುತ್ತಿದ್ದವು, ಬಯಲುಸೀಮೆಯಲ್ಲಿ ಜನ ಹೆಚ್ಚುವಾಗ ಮಲೆನಾಡಿನಲ್ಲಿ ಕಡಿಮೆಯಾಗುತ್ತಿದ್ದರು. ವಿಶ್ವೇಶ್ವರಯ್ಯನವರ ಕಾಲದಲ್ಲಿ ಮಲೆನಾಡು ಅಭಿವೃದ್ಧಿಗೆಂದೇ ಒಂದು ಪ್ರತ್ಯೇಕ ಯೋಜನೆ ಬಂತು: ಬಾವಿ, ರಸ್ತೆ, ಔಷಧಿ, ಮನೆಗಳ ಸುತ್ತಲಿನ ಕಾಡು ಕಡಿಯುವುದು. ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಒಂದು ಚಿಕ್ಕ ರೈಲೂ ಓಡಾಡಿತು. ಇವತ್ತು ನಾವು ಬಸ್ಸಿಗೆ ಕಾಯುತ್ತಾ ನಿಂತಾಗ ಅದು ನಂಬಲು ಕಷ್ಟ.

ಇಲ್ಲಿ ಒಂದು ಮಾತು. ಮಲೆನಾಡಿನಲ್ಲಿ ಊರು ಎಂದರೆ ಬಯಲುಸೀಮೆಯ ಹಾಗೆ ಒತ್ತಾದ ಮನೆಗಳಲ್ಲ. ಗುಡ್ಡಕ್ಕೊಂದು ಮನೆ, ಹಳ್ಳದಾಚೆಗೆ ಇನ್ನೊಂದು. ಮೇಗುಂದದ ಕಡೆ ಮಳೆಗಾಲದಲ್ಲಿ ಸಂಜೆ ಆರರ ಮೇಲೆ ಹೊರಗೆ ಹೋಗುವುದು ಈಗಲೂ ಸುಲಭವಲ್ಲ. ಸೂಡಿ ಹಿಡಿದು, ಜಿಗಣೆ ಕಡಿಸಿಕೊಂಡು, ರಾತ್ರಿ ಶಾಲೆಗೆ ಯಾರು ಹೋಗುತ್ತಾರೆ? ಬಯಲುಸೀಮೆಯ ಹಳ್ಳಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ಯೋಜನೆ ಗುಡ್ಡ ಹತ್ತುವಾಗ ಸುಸ್ತಾಗುತ್ತದೆ. ಇದು ಆಗಿನ ಮಾತು ಮಾತ್ರವಲ್ಲ.

ಇನ್ನು ಅವರು ದಿವಾನಗಿರಿ ಬಿಟ್ಟ ವಿಷಯ. ಇದನ್ನು ದಿನಾಚರಣೆಯ ಭಾಷಣಗಳಲ್ಲಿ ಹೇಳುವುದಿಲ್ಲ, ಹೇಳಿದರೂ ಅರ್ಧ ಹೇಳುತ್ತಾರೆ. ಆಗ ಸರ್ಕಾರಿ ಕೆಲಸಗಳಲ್ಲಿ ಬಹುಪಾಲು ಬ್ರಾಹ್ಮಣರೇ ಇದ್ದರು. 1917ರಲ್ಲಿ ಪ್ರಜಾಮಿತ್ರ ಮಂಡಳಿ ಹುಟ್ಟಿತು. ಲಿಂಗಾಯತರು, ಒಕ್ಕಲಿಗರು, ಮುಸ್ಲಿಮರು ಸೇರಿ ನಮಗೂ ಪಾಲು ಬೇಕು ಎಂದು ಮಹಾರಾಜರನ್ನು ಕೇಳಿದರು. 1918ರಲ್ಲಿ ಮಹಾರಾಜರು ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. ಕೆಲಸಗಳನ್ನು ಜಾತಿಯ ಲೆಕ್ಕದಲ್ಲಿ ಕೊಟ್ಟರೆ ಆಡಳಿತದ ದಕ್ಷತೆ ಹಾಳಾಗುತ್ತದೆ, ಮೊದಲು ಎಲ್ಲರಿಗೂ ಓದು ಕೊಡಿ ಎಂಬುದು ವಿಶ್ವೇಶ್ವರಯ್ಯನವರ ನಿಲುವು. ಮಹಾರಾಜರ ನಿಲುವು ಬೇರೆಯಾಗಿತ್ತು. ವಿಶ್ವೇಶ್ವರಯ್ಯನವರು ರಾಜೀನಾಮೆ ಕೊಟ್ಟರು. ಸಮಿತಿಯ ವರದಿ 1919ರಲ್ಲಿ ಬಂತು, ಹಿಂದುಳಿದವರಿಗೆ ಕೆಲಸಗಳಲ್ಲಿ ಪಾಲು ಸಿಕ್ಕಿತು.

ಇದರಲ್ಲಿ ನಾನು ಮಹಾರಾಜರ ಪಕ್ಷ. ಓದು ಮೊದಲು, ಕೆಲಸ ಆಮೇಲೆ ಎಂಬುದು ಕೇಳಲು ಸರಿಯಾಗಿದೆ. ಆದರೆ ಓದಿದವನಿಗೆ ಕೆಲಸದ ಬಾಗಿಲು ಮುಚ್ಚಿದೆ ಎಂದು ಗೊತ್ತಿರುವ ಮನೆಯವರು ಮಗನನ್ನು ಏಕೆ ಓದಿಸುತ್ತಾರೆ? ರಾತ್ರಿ ಶಾಲೆಗೆ ದೀಪದೆಣ್ಣೆ ಖರ್ಚು ಮಾಡಿ ಬರುವವನಿಗೂ ಮುಂದೆ ಏನೋ ಇದೆ ಎಂದು ಕಾಣಬೇಕು. ನಮ್ಮ ಕಾಲೇಜಿನಲ್ಲಿ ಬೆಂಚಿನ ಮೇಲೆ ಕೂತಿರುವ ಬಹಳಷ್ಟು ಮಂದಿಯ ಮನೆಯಲ್ಲಿ ಪಿಯುಸಿ ತನಕ ಬಂದವರು ಇವರೇ ಮೊದಲಿಗರು. ಅವರನ್ನು ಕರೆತಂದದ್ದು ಶಾಲೆಯೂ ಹೌದು, ವಿದ್ಯಾರ್ಥಿವೇತನವೂ ಹೌದು, ಮೀಸಲಾತಿಯೂ ಹೌದು. ಇದನ್ನು ಹೇಳಿದರೆ ವಿಶ್ವೇಶ್ವರಯ್ಯನವರಿಗೆ ಅಗೌರವ ಮಾಡಿದಂತಾಗುತ್ತದೆ ಎಂದು ನಾನು ತಿಳಿಯುವುದಿಲ್ಲ. ಹನ್ನೊಂದು ಸಾವಿರ ಶಾಲೆಗಳ ಲೆಕ್ಕ ಅವರ ಹೆಸರಿನಲ್ಲೇ ಇದೆ.

ಅವರು ಹೋದ ಮೇಲೆ ದೊಡ್ಡವರ ಶಾಲೆಗಳ ಬಿಸಿ ಆರಿತು. 1940ರ ದಶಕದಲ್ಲಿ ಮೈಸೂರಿನ ಕಾಲೇಜು ವಿದ್ಯಾರ್ಥಿಗಳು ಮತ್ತೆ ಬೀದಿಗಿಳಿದು ವಯಸ್ಕರಿಗೆ ಪಾಠ ಹೇಳಲು ಆರಂಭಿಸಿದರು, ಅದರಿಂದ ವಯಸ್ಕರ ಶಿಕ್ಷಣ ಸಮಿತಿ ಬೆಳೆಯಿತು. ಹೊಸದಾಗಿ ಓದು ಕಲಿತವರಿಗಾಗಿ ಅದು ಬೆಳಕು ಎಂಬ ವಾರಪತ್ರಿಕೆ ನಡೆಸಿತು, 1947ರಲ್ಲಿ ನಂಜನಗೂಡಿನಲ್ಲಿ ಹಳ್ಳಿಯ ಯುವಕರಿಗೆ ವಿದ್ಯಾಪೀಠ ತೆರೆಯಿತು. ಸಂಚಾರಿ ಪುಸ್ತಕಾಲಯದ ಯೋಚನೆಯೇ ಬೇರೆ ರೂಪದಲ್ಲಿ ಬಂದಂತಾಯಿತು.

ವಿಶ್ವೇಶ್ವರಯ್ಯನವರು ಸುಮ್ಮನೆ ಕೂರಲಿಲ್ಲ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯನ್ನು 1923ರಿಂದ ನಡೆಸಿ ನಷ್ಟದಿಂದ ಎತ್ತಿದರು. ಅದರ ಕುಲುಮೆಗೆ ಇದ್ದಿಲು ನಮ್ಮ ಮಲೆನಾಡಿನ ಕಾಡಿನಿಂದಲೇ ಹೋಯಿತು. 1920ರಲ್ಲಿ ಭಾರತದ ಪುನರ್ನಿರ್ಮಾಣದ ಬಗ್ಗೆ, 1934ರಲ್ಲಿ ಯೋಜಿತ ಅರ್ಥವ್ಯವಸ್ಥೆಯ ಬಗ್ಗೆ ಪುಸ್ತಕ ಬರೆದರು. ಪಂಚವಾರ್ಷಿಕ ಯೋಜನೆಗಳು ಬರುವುದಕ್ಕೆ ಹದಿನೇಳು ವರ್ಷ ಮೊದಲು ಹತ್ತು ವರ್ಷದ ಯೋಜನೆ ಹಾಕಿದ ಪುಸ್ತಕ ಅದು. ತೊಂಬತ್ತು ದಾಟಿದ ಮೇಲೂ ಗಂಗಾ ನದಿಯ ಸೇತುವೆಗೆ ಜಾಗ ನೋಡಲು ಬಿಹಾರಕ್ಕೆ ಹೋಗಿದ್ದರು. 1955ರಲ್ಲಿ ಭಾರತರತ್ನ ಬಂತು. 1962ರ ಏಪ್ರಿಲ್ 14ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ಸಮಾಧಿ ಮುದ್ದೇನಹಳ್ಳಿಯಲ್ಲಿದೆ. ಅವರು ಸಾಯುವ ಹಿಂದಿನ ವರ್ಷದ ಜನಗಣತಿಯಲ್ಲೂ ರಾಜ್ಯದ ಸಾಕ್ಷರತೆ ನೂರಕ್ಕೆ ಮೂವತ್ತನ್ನು ಮುಟ್ಟಿರಲಿಲ್ಲ.

2011ರ ಜನಗಣತಿಯಲ್ಲಿ ಕರ್ನಾಟಕದ್ದು ನೂರಕ್ಕೆ 75ನ್ನು ದಾಟಿದೆ, ಚಿಕ್ಕಮಗಳೂರು ಜಿಲ್ಲೆಯದು 79. ನಡುವೆ 1988ರ ರಾಷ್ಟ್ರೀಯ ಸಾಕ್ಷರತಾ ಮಿಷನ್ ಬಂತು, 2009ರಲ್ಲಿ ಸಾಕ್ಷರ ಭಾರತ್ ಬಂತು, ಈಗ 2022ರಿಂದ ಉಲ್ಲಾಸ್ ಎಂಬ ಹೆಸರಿನ ಕಾರ್ಯಕ್ರಮ ಇದೆ. ಹದಿನೈದು ವರ್ಷ ದಾಟಿದ ಯಾರು ಬೇಕಾದರೂ ಕಲಿಯಬಹುದು. ಕಲಿಸುವವರು ಸ್ವಯಂಸೇವಕರು, ವಿದ್ಯಾರ್ಥಿಗಳೂ ಆಗಬಹುದು. ಕೊನೆಯಲ್ಲಿ ಒಂದು ಪರೀಕ್ಷೆ: ಓದಿಗೆ 50, ಬರಹಕ್ಕೆ 50, ಲೆಕ್ಕಕ್ಕೆ 50, ಒಟ್ಟು 150 ಅಂಕ. ದಾದಿಗೆ ಇದನ್ನು ವಿವರಿಸಿದೆ. ಲೆಕ್ಕದ ಪರೀಕ್ಷೆ ಬಾಯಲ್ಲಿ ಕೇಳುತ್ತಾರೋ, ಬರೆಯಬೇಕೋ ಎಂದು ಮೊದಲು ವಿಚಾರಿಸಿಕೊಂಡು ಬಾ ಎಂದಿದ್ದಾರೆ.